ನಾಲ್ಕು ನಿಮಿಷವನ್ನು ಇಪ್ಪತ್ತೈದು ಎಂದದ್ದು

ಕಾಟಯ್ಯ, ನಿನ್ನನ್ನು ಕಳ್ಳನನ್ನಾಗಿ ಮಾಡಿದವನು ನಾನು. ಕೆರೆಗೆ ತಂದ ಮೀನಿನ ಮರಿಗಳನ್ನು ನೀನು ಕದಿಯಲಿಲ್ಲ, ಇನ್ನೊಂದು ಊರಿನ ಕೆರೆಗೆ ಸಾಗಿಸಲಿಲ್ಲ. ಅವನ್ನು ಕೊಂದವನು ನಾನು. ಕೊಂದದ್ದನ್ನು ಮುಚ್ಚಿದವನೂ ನಾನು — ಮುಚ್ಚುವುದಕ್ಕೆ ನಿನ್ನ ಕೈಗಳನ್ನೇ ಬಳಸಿಕೊಂಡೆ.

ಇದನ್ನು ಬರೆಯಲು ಕುಳಿತದ್ದು ಮಂಗಳವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ. ಹಾಜರಿರುವವರು ಮೇಜಿನ ಮುಂದೆ ನಾನು, ಒಳಗೆ ಒಲೆಯ ಮುಂದೆ ನನ್ನ ಹೆಂಡತಿ. ಮಗಳು, ಅಳಿಯ ಇನ್ನೂ ಎದ್ದಿಲ್ಲ. ಮೊಮ್ಮಗಳೂ ಎದ್ದಿಲ್ಲ. ಅವಳಿಗೆ ಹತ್ತು ವರ್ಷ. ಅವಳ ವಯಸ್ಸನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ.

ನೀನು ತೀರಿಕೊಂಡು ಮೂರು ತಿಂಗಳಾಯಿತಂತೆ. ನನಗೆ ತಿಳಿದದ್ದು ಹೋದ ವಾರ. ಅಂದರೆ ಈ ಕಾಗದ ನಿನಗೆ ತಲುಪುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹತ್ತು ವರ್ಷ ನೀನು ಬದುಕಿದ್ದೆ, ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿ. ಆಗ ಬರೆಯಲಿಲ್ಲ.

ಈ ಕಾಗದವನ್ನು ಬೇರೆಯವರೂ ಓದಬೇಕು ಎಂಬ ಉದ್ದೇಶವಿದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ.

ನಾನು ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಸಣ್ಣ ನಿಲ್ದಾಣಗಳ ಸ್ಟೇಷನ್ ಮಾಸ್ತರ್. ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು, ಸಿಗ್ನಲ್ ಕೊಟ್ಟ ಹೊತ್ತು, ಇವನ್ನು ನಿಮಿಷ ತಪ್ಪದೆ ಬರೆಯುವುದೇ ನನ್ನ ಕೆಲಸ. ನಿವೃತ್ತಿಯಾಗಿ ಹೊಳಲ್ಕೆರೆ ತಾಲ್ಲೂಕಿನ ಈ ಊರಿಗೆ, ತಾಳ್ಯದ ಆಚೆಗೆ, ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಐದಕ್ಕೆ ಏಳುವುದು, ಆರಕ್ಕೆ ಕೆರೆ ಏರಿಯ ಮೇಲೆ ನಡಿಗೆ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಸಂಜೆ ಐದೂವರೆಗೆ ಮತ್ತೆ ಕೆರೆ. ನಾನು ಬಾಗಿಲ ಮುಂದೆ ಹಾದುಹೋದರೆ ಹೆಂಗಸರು ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮಾಸ್ತರು ಹೇಳಿದ ಹೊತ್ತು ಎಂದರೆ ಊರಿನಲ್ಲಿ ಅದಕ್ಕೆ ಎದುರು ಮಾತಿರಲಿಲ್ಲ.

ಅದೇ ನಿನ್ನನ್ನು ಮುಳುಗಿಸಿತು.

ನೀನು ಕೆರೆಯ ಕಾವಲುಗಾರ. ತೂಬಿನ ಪಕ್ಕದಲ್ಲಿ ನಿನ್ನ ಗುಡಿಸಲು. ನನಗೆ ಗಾಳದ ಹುಚ್ಚು. ನೌಕರಿಯಲ್ಲಿದ್ದಾಗ ಒಬ್ಬ ಎಂಜಿನ್ ಚಾಲಕ ಕಲಿಸಿದ್ದು, ಉದ್ದನೆಯ ಕೋಲು, ದಾರ ಸುತ್ತುವ ರೀಲು, ಎರೆಯ ಬದಲು ರಬ್ಬರಿನ ಕಪ್ಪೆ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ನನಗೆ ಬೇಕಿದ್ದದ್ದು ತಿನ್ನುವುದಲ್ಲ, ಹಿಡಿಯುವುದು. ಹಿಡಿದದ್ದೆಲ್ಲ ನಿನ್ನ ಮನೆಗೆ ಹೋಗುತ್ತಿತ್ತು. ಮೊದಲ ದಿನ ನನ್ನ ರಬ್ಬರ್ ಕಪ್ಪೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ನೀನು ಕೇಳಿದ್ದೆ, "ಇದಕ್ಕೆ ವಟಗುಟ್ಟಕ್ಕೆ ಬರಲ್ವೇನ್ರಿ ಮಾಸ್ತರೆ? ಕೆರೆ ಕಪ್ಪೆಗಳು ಇದನ್ನ ಜಾತಿಗೆ ಸೇರಿಸ್ಕಳಲ್ಲ ಬಿಡ್ರಿ."

ಕೊರವ ಮೀನಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ನೀನು ಕಲಿಸಿದ್ದು. ಹಾವಿನಂಥ ತಲೆ, ಮರದ ಕೊರಡಿನಂಥ ಮೈ. ನೀರಿನ ಮೇಲೆ ಬಂದು ಗಾಳಿ ನುಂಗಿ ಹೋಗುವ ಮೀನು. ತಾವರೆ ಎಲೆಗಳ ನಡುವೆ ಎಲ್ಲಿ ಕಿಂಡಿ ಬಿಟ್ಟಿರುತ್ತದೆ, ಕಪ್ಪೆಯನ್ನು ಎಷ್ಟು ಮೆಲ್ಲಗೆ ಎಳೆಯಬೇಕು, ಬಾಯಿ ಹಾಕಿದ ಮೇಲೆ ಎಷ್ಟು ಹೊತ್ತು ಕಾದು ಕೋಲು ಎತ್ತಬೇಕು. ಮಳೆಗಾಲದಲ್ಲಿ ಕೊರವದ ಮರಿಗಳು ಕೆಂಪಗೆ ಗುಂಪುಕಟ್ಟಿ ನೀರಿನ ಮೇಲೆ ಆಡುವಾಗ ತಾಯಿ, ತಂದೆ ಎರಡೂ ಅಡಿಯಲ್ಲಿ ಕಾವಲಿರುತ್ತವೆ. ಆಗ ಅಲ್ಲಿಗೆ ಗಾಳ ಎಸೆದರೆ ಖಂಡಿತ ಸಿಗುತ್ತವೆ. ನಾನು ಒಮ್ಮೆ ಕೋಲು ಎತ್ತಿದ್ದೆ. ನೀನು ನನ್ನ ತೋಳು ಹಿಡಿದೆ. "ಅದು ಕಾವಲು ಕಾಯ್ತಾ ಐತೆ ಮಾಸ್ತರೆ. ಕಾವಲಿರೋರ ಮೇಲೆ ಗಾಳ ಹಾಕಬಾರ್ದು."

ನಾನು ಕೋಲು ಇಳಿಸಿದ್ದೆ. ಅಂದು ಇಳಿಸಿದ್ದೆ ಎಂಬುದನ್ನು —

ಇರಲಿ. ಕ್ರಮವಾಗಿ ಬರೆಯಬೇಕು.

ಹನ್ನೊಂದು ವರ್ಷದ ಹಿಂದಿನ ಆಗಸ್ಟ್. ಬಹಳ ವರ್ಷಗಳ ಮೇಲೆ ಕೆರೆ ಕೋಡಿ ಬಿದ್ದಿತ್ತು. ಊರಿನವರು ಸಂಘ ಮಾಡಿಕೊಂಡು ಕಾಟ್ಲಾ, ರೋಹು ಮರಿಗಳನ್ನು ತರಿಸಿ ಬಿಡುವುದೆಂದು ನಿಶ್ಚಯಿಸಿದರು. ಮನೆಗೊಬ್ಬರಂತೆ ಎಲ್ಲರೂ ಸೇರಿದ್ದ ಸಂಘ, ಎಲ್ಲರಿಗೂ ಅದರ ಮೇಲೆ ಆಸೆ. ಮರಿ ಬಿಡುವ ದಿನ ಅಧ್ಯಕ್ಷ ರುದ್ರಪ್ಪ ಒಂದು ಸಾವಿಗೆ ಹೋಗಬೇಕಾಗಿ ಬಂತು. ಊರಿನ ಅರ್ಧ ಜನ ಅವನ ಜೊತೆ ಹೋದರು. "ಮಾಸ್ತರೆ, ನೀವು ನಿಂತು ಮಾಡಿಸಿದ್ರೆ ಮುಗೀತು, ನಾವಿದ್ದಂಗೇ," ಎಂದು ನನಗೆ ಒಪ್ಪಿಸಿ ಹೋದ.

ಮರಿಗಳು ಬರುವುದು ಪ್ಲಾಸ್ಟಿಕ್ ಚೀಲಗಳಲ್ಲಿ. ಸ್ವಲ್ಪ ನೀರು, ಮೇಲೆ ಆಮ್ಲಜನಕ ತುಂಬಿ ಬಾಯಿ ಕಟ್ಟಿರುತ್ತಾರೆ. ತಂದ ಕೂಡಲೇ ಸುರಿಯುವ ಹಾಗಿಲ್ಲ. ಚೀಲಗಳನ್ನು ಹಾಗೆಯೇ ಕೆರೆಯ ನೀರಿನ ಮೇಲೆ ತೇಲಬಿಟ್ಟು ಇಪ್ಪತ್ತೈದು ನಿಮಿಷ, ಅರ್ಧ ಗಂಟೆ ಕಾಯಬೇಕು. ಒಳಗಿನ ನೀರಿನ ಬಿಸಿಯೂ ಕೆರೆಯ ತಂಪೂ ಹೊಂದಿಕೊಂಡ ಮೇಲೆ ಬಾಯಿ ಬಿಚ್ಚಿ, ಕೆರೆಯ ನೀರನ್ನು ಚೀಲಕ್ಕೆ ಬೆರೆಸಿ, ಮರಿಗಳು ತಾವಾಗಿ ಈಜಿ ಹೊರಬರಲು ಬಿಡಬೇಕು. ಇದನ್ನು ಹಿಂದಿನ ದಿನವೇ ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಮರೆತು ಮಾಡಿದ ತಪ್ಪಲ್ಲ ಅದು.

ಗಾಡಿ ಮೂರಕ್ಕೆ ಬರಬೇಕಿತ್ತು. ಐಮಂಗಲದ ಹತ್ತಿರ ಚಕ್ರ ಪಂಕ್ಚರ್ ಆಗಿ, ಬಿಸಿಲಿನಲ್ಲಿ ನಿಂತು, ಬಂದದ್ದು ಐದಕ್ಕೆ ಹತ್ತು ನಿಮಿಷ ಇರುವಾಗ. ಕೆರೆಯ ಬಳಿ ನಾನು, ನೀನು, ಚಾಲಕ, ಮೂರೇ ಜನ. ಚೀಲಗಳನ್ನು ಇಳಿಸಿಕೊಟ್ಟು ಚಾಲಕ ತಿರುಗಿ ಹೊರಟುಹೋದ.

ಆಗ ನನ್ನ ತಲೆಯಲ್ಲಿದ್ದದ್ದು ಚೀಲಗಳಲ್ಲ. ಮೂರು ವಾರದಿಂದ ಒಂದು ಕೊರವದ ಹಿಂದೆ ಬಿದ್ದಿದ್ದೆ. ತೂಬಿನ ಎದುರು, ನಾನು ಕೂರುವ ಚಪ್ಪಡಿ ಕಲ್ಲಿನಿಂದ ಒಂದು ಎಸೆತದ ದೂರದಲ್ಲಿ, ತಾವರೆ ಎಲೆಗಳ ಕಿಂಡಿಯಲ್ಲಿ ಅದು ಐದೂವರೆಗೆ ಸರಿಯಾಗಿ ಮೇಲೆ ಬರುತ್ತಿತ್ತು. ಆರಕ್ಕೆ ಮಾಯ. ಎರಡು ಸಲ ದಾರ ಕಿತ್ತುಕೊಂಡು ಹೋಗಿತ್ತು. "ನಿಮ್ಮ ರೈಲು ಲೇಟಾಗ್ತಿದ್ವು, ಈ ಕೊರವ ಲೇಟಾಗಲ್ಲ ನೋಡ್ರಿ," ಎಂದು ನೀನೇ ನಗುತ್ತಿದ್ದೆ. ಅಂದು ಬೆಳಿಗ್ಗೆ ಅದರ ಬೆನ್ನು ನೋಡಿದ್ದೆ. ಅಂಥ ಮೀನು ನಾನು ಈ ಜನ್ಮದಲ್ಲಿ ಹಿಡಿದಿರಲಿಲ್ಲ.

ಐದು ಗಂಟೆ ಆರು ನಿಮಿಷಕ್ಕೆ ಕೊನೆಯ ಚೀಲ ನೀರಿಗಿಳಿಯಿತು. ಮೂವತ್ತೆರಡು ಚೀಲ. ಒಂದೊಂದನ್ನೇ ಬಿಚ್ಚಿ, ನೀರು ಬೆರೆಸಿ ಬಿಡುವುದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ನಾನು ಲೆಕ್ಕ ಹಾಕಿದೆ. ಕಾದರೆ ಅಂದಿನ ಸಂಜೆ ನನ್ನ ಕಲ್ಲಿಗೆ ಹೋಗುವ ಹಾಗಿಲ್ಲ.

ನೀನು ಒಂದು ಚೀಲದ ಮೈ ಮುಟ್ಟಿ ನೋಡಿದೆ. ಆಮೇಲೆ ನೀರಿಗೆ ಕೈ ಇಟ್ಟೆ.

"ಚೀಲ ಬೆಚ್ಚಗೈತೆ ಮಾಸ್ತರೆ. ರಾತ್ರಿ ಮಳೆಗೆ ಕೆರೆ ತಣ್ಣಗೆ ಕೊರೀತೈತೆ. ಇನ್ನೊಂದ್ ಅರ್ಧ ಗಂಟಿ ತೇಲ್ಲಿ."

ನಾನು ಗಡಿಯಾರ ನೋಡಿದೆ. ಐದು ಗಂಟೆ ಹತ್ತು ನಿಮಿಷ.

"ಸಾಕು, ಬಿಚ್ಚು ಕಾಟಯ್ಯ."

"ಇನ್ನೂ ಹೊಂದ್ಕಂಡಿಲ್ಲ ಅನ್ಸುತ್ತೆ —"

"ನನಗೆ ಗೊತ್ತು. ಬಿಚ್ಚು."

ನೀನು ನನ್ನ ಮುಖ ನೋಡಿದೆ, ಆಮೇಲೆ ಚಪ್ಪಡಿ ಕಲ್ಲಿಗೆ ಒರಗಿಸಿಟ್ಟಿದ್ದ ಕೋಲನ್ನು ನೋಡಿದೆ. ಬಿಚ್ಚಿದೆ. ನಾನೂ ಬಿಚ್ಚಿದೆ. ನೀರು ಬೆರೆಸಲಿಲ್ಲ, ಚೀಲ ಮಗುಚಿದೆವು. ಐದು ಇಪ್ಪತ್ತೆಂಟಕ್ಕೆ ನಾನು ಕಲ್ಲಿನ ಮೇಲಿದ್ದೆ.

ಐದೂ ಮುಕ್ಕಾಲಿಗೆ ಕೊರವ ಕಪ್ಪೆಯನ್ನು ಹಿಡಿಯಿತು. ಅದನ್ನು ದಡಕ್ಕೆ ತರಲು ಎಷ್ಟು ಹೊತ್ತಾಯಿತು ಎಂದು ನೆನಪಿಲ್ಲ. ನನ್ನ ತೋಳಿನಷ್ಟು ಉದ್ದವಿತ್ತು. ಸಂತೋಷದಿಂದ ಕೂಗಿದೆ ಎಂದು ನಾಚಿಕೆಯಿಲ್ಲದೆ ಬರೆಯಬೇಕು. ನೀನು ಖಾಲಿ ಚೀಲಗಳನ್ನು ಮಡಚುವುದು ಬಿಟ್ಟು ಬಂದೆ. ಕಲ್ಲಿನ ಮೇಲೆಯೇ ನೀನು ಅದರ ಹೊಟ್ಟೆ ಸೀಳಿದೆ.

ಹೊಟ್ಟೆಯ ತುಂಬ ನಾವು ಬಿಟ್ಟ ಮರಿಗಳು. ಬೆರಳುದ್ದದವು, ಒಂದಕ್ಕೂ ಗಾಯವಿಲ್ಲ. ನೀನು ಅವನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ನಾನು ಎಣಿಸಿದೆ, ಅಭ್ಯಾಸ. ಮೂವತ್ತೊಂದು.

"ಓಡೋ ಮರೀನ ಕೊರವ ಇಷ್ಟು ಹಿಡಿಯಕ್ಕಾಗಲ್ಲ ಮಾಸ್ತರೆ," ಎಂದೆ ನೀನು, ತಲೆಯೆತ್ತದೆ. "ಇವು ಓಡಿಲ್ಲ."

"ಕೆರೆ ಅಂದಮೇಲೆ ಒಂದನ್ನೊಂದು ತಿನ್ನೋದು ಇರೋದೇ," ಎಂದೆ ನಾನು. ಮೀನನ್ನು ನಿನಗೆ ಕೊಟ್ಟೆ. ಆರೂವರೆಗೆ ಮನೆಯಲ್ಲಿದ್ದೆ.

ಮರುದಿನ ಬೆಳಿಗ್ಗೆ ನನ್ನ ನಡಿಗೆಗಿಂತ ಮೊದಲೇ ನೀನು ನನ್ನ ಬಾಗಿಲಲ್ಲಿ ನಿಂತಿದ್ದೆ. ನಾನು ಹೋಗಿ ನೋಡಿದೆ. ತೂಬಿನ ಮೂಲೆಯಲ್ಲಿ, ಗಾಳಿ ತಳ್ಳಿದ ಕಡೆ, ನೀರು ಬೆಳ್ಳಗಿತ್ತು — ಹೊಟ್ಟೆ ಮೇಲಾದ ಮರಿಗಳು. ಮುಳುಗಿದವು ಎಷ್ಟೋ. ಬೆಳ್ಳಕ್ಕಿಗಳು ಅವಸರವಿಲ್ಲದೆ ಹೆಕ್ಕುತ್ತಿದ್ದವು.

ಆಗ ನಿಜ ಹೇಳಿದ್ದರೆ ಊರಿನವರು ಬೈಯುತ್ತಿದ್ದರು. ಬಹುಶಃ ಬೈಯುತ್ತಲೂ ಇರಲಿಲ್ಲ. ಮತ್ತೊಮ್ಮೆ ಮರಿ ತರಿಸುತ್ತಿದ್ದರು. ಆದರೆ ಮಾಸ್ತರು ಹೊತ್ತು ತಪ್ಪಿದರು ಎಂಬ ಮಾತು, ಅದೂ ಗಾಳ ಹಾಕುವುದಕ್ಕೆ — ಆ ಒಂದು ಮಾತು ನನ್ನ ಕಿವಿಗೆ ಬೀಳಬಾರದಾಗಿತ್ತು.

"ದಾರಿಯಲ್ಲಿ ಒಂದಷ್ಟು ಸಾಯೋದು ಇರುತ್ತೆ. ಜನ ಏಳೋದರೊಳಗೆ ಬಳಿದು ಹೂತುಬಿಡು. ಸುಮ್ಮನೆ ಯಾಕೆ ಎಲ್ಲರ ಮನಸ್ಸು ಕೆಡಿಸೋದು?"

ನೀನು ಎರಡು ಪುಟ್ಟಿ ತುಂಬ ಬಳಿದು, ತಲೆಯ ಮೇಲೊಂದು ಕಂಕುಳಲ್ಲೊಂದು ಹೊತ್ತು, ಏರಿಯ ಕೆಳಗಿನ ಹೊಂಗೆ ಮರದ ಕಡೆ ಹೋದೆ. ಡೈರಿಗೆ ಹಾಲು ಹಾಕಲು ಹೊರಟಿದ್ದ ಕೆಂಚಮ್ಮ ಅದನ್ನು ನೋಡಿದಳು. ನೀರು ಸೋರುವ ಪುಟ್ಟಿ, ಅದರಲ್ಲಿ ಮೀನಿನ ಮರಿ, ನಸುಕು, ಒಬ್ಬಂಟಿ ಕಾವಲುಗಾರ. ಅವಳು ಸುಳ್ಳು ಹೇಳಲಿಲ್ಲ. ನೋಡಿದ್ದನ್ನು ಹೇಳಿದಳು.

ಆದರೆ ಹೇಳಿದ್ದು ಎಂಟು ತಿಂಗಳ ಮೇಲೆ. ಏಪ್ರಿಲಿನಲ್ಲಿ ನೀರು ಇಳಿದು ಬಲೆ ಎಳೆದರು. ಇಡೀ ದಿನ ಎಳೆದರೂ ಸಿಕ್ಕಿದ್ದು ಜಿಲೇಬಿ ಮೀನು, ಒಂದಷ್ಟು ಕೊರವ, ರಾಶಿ ಪಾಚಿ. ಕಾಟ್ಲಾ ಇಲ್ಲ, ರೋಹು ಇಲ್ಲ. ಜನ ದಡದಲ್ಲಿ ಪಾತ್ರೆ ಹಿಡಿದುಕೊಂಡು ನಿಂತಿದ್ದರು.

ಮರುದಿನ ಊರಮ್ಮನ ಗುಡಿಯ ಕಟ್ಟೆಯ ಮೇಲೆ ಸಭೆ. ಕೆಂಚಮ್ಮ ತಾನು ಕಂಡದ್ದನ್ನು ಹೇಳಿದಳು. ರುದ್ರಪ್ಪ ನಿನ್ನನ್ನು ಎದ್ದು ನಿಲ್ಲಿಸಿದ.

"ಲೇ ಕಾಟಯ್ಯ, ಪುಟ್ಟೀಲಿ ಏನಿತ್ತಲೇ?"

"ಸತ್ತ ಮರಿ."

"ಸತ್ತಿದ್ವಾ, ನೀನು ಪಕ್ಕದೂರ ಕೆರೆಗೆ ದಾಟಿಸಿದ್ಯಾ?"

"ಸತ್ತಿದ್ವು."

"ಸತ್ತಿದ್ರೆ ಯಾರಿಗೂ ಯಾಕ್ ಹೇಳಲಿಲ್ಲ? ಅಷ್ಟೊಂದು ಯಾಕ್ ಸಾಯ್ತವೆ?"

ನೀನು ನನ್ನ ಕಡೆ ನೋಡಿದೆ. ಎಲ್ಲರೂ ನೋಡಿದರು. ರುದ್ರಪ್ಪ ಕೈಮುಗಿದು ಕೇಳಿದ, "ಮಾಸ್ತರೆ, ನೀವೊಂದ್ ಮಾತು ಹೇಳ್ರಿ. ಎಷ್ಟೊತ್ತು ತೇಲಿ ಬಿಟ್ಟಿದ್ರಿ?"

"ಇಪ್ಪತ್ತೈದು ನಿಮಿಷ," ಎಂದೆ. "ಗಡಿಯಾರ ನೋಡಿದ್ದೀನಿ."

ಯಾರೋ ಹಿಂದಿನಿಂದ, "ಮಾಸ್ತರು ನೋಡಿದ್ಮೇಲೆ ಮುಗೀತಲ್ಲಪ್ಪ," ಎಂದರು.

ನೀನು ಅಲ್ಲೇ ಬಾಯಿ ಬಿಡಬಹುದಿತ್ತು. ನಾನು ಅದನ್ನೇ ಕಾಯುತ್ತಿದ್ದೆ. ಬಿಟ್ಟರೆ ಏನು ಹೇಳಬೇಕೆಂದು ಯೋಚಿಸಿಯೂ ಇಟ್ಟಿದ್ದೆ, ಅಂಥವನು ನಾನು. ನೀನು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಗಡಿಯಾರ ಅವರತ್ರ ಐತೆ. ನನ್ನತ್ರ ಇಲ್ಲ. ಅವರು ಹೇಳಿದ್ಮೇಲೆ ಆತು ಬಿಡ್ರಿ."

ಆಮೇಲೆ ಕರ್ಪೂರ. ನಮ್ಮೂರಿನಲ್ಲಿ ಕಳವಿನ ಮಾತು ಬಗೆಹರಿಯದಿದ್ದರೆ ಊರಮ್ಮನ ಮುಂದೆ ಕರ್ಪೂರ ಹಚ್ಚುತ್ತಾರೆ. ನಾನು ಮಾಡಿಲ್ಲ ಎನ್ನುವವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು. ಆರಿಸಿದವನು ಸುಳ್ಳನಾದರೆ ಕೇಡು ಅವನ ಮನೆಗೆ. ಅವನು ಹೇಳಿದ್ದು ನಿಜವಾದರೆ, ಅವನ ಮೇಲೆ ಸುಳ್ಳು ಹೇಳಿದವರ ಮನೆಗೆ. ಅದರಲ್ಲೂ ಮೊದಲು ಆ ಮನೆಯ ಬಸಿರಿಗೆ, ಮಕ್ಕಳಿಗೆ. ಇದು ನಂಬಿಕೆ. ನಾನು ನಂಬುತ್ತಿರಲಿಲ್ಲ. ನೀನು ನಂಬುತ್ತಿದ್ದೆ.

ಪೂಜಾರಿ ಕರ್ಪೂರ ಹಚ್ಚಿದ. ನೀನು ಎರಡು ಹೆಜ್ಜೆ ಮುಂದೆ ಹೋದೆ. ಕೈಯನ್ನೂ ಎತ್ತಿದೆ. ನನ್ನ ಕಡೆ ಒಮ್ಮೆ ತಿರುಗಿದೆ. ಆಮೇಲೆ ಕೈ ಇಳಿಸಿ, "ನಾನು ಆರಿಸಲ್ಲ," ಎಂದೆ.

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಆಣೆಗೆ ಹೆದರಿದವನು ಕಳ್ಳನಲ್ಲದೆ ಇನ್ನೇನು? ಅಂದೇ ನಿನ್ನ ಕಾವಲು ತೆಗೆದರು. ಗುಡಿಸಲು ಬಿಡಲು ಮೂರು ದಿನ ಕೊಟ್ಟರು.

ನೀವು ಹೊರಟ ಬೆಳಿಗ್ಗೆ ಏರಿಯ ಮೇಲೆ ಎದುರಾದಿರಿ. ಹೆಗಲ ಮೇಲೆ ಗಂಟು, ಮುಂದೆ ಐದಾರು ಕುರಿ, ಹಿಂದೆ ನಿನ್ನ ಹೆಂಡತಿ ಈರಕ್ಕ. ನಾನು ತಪ್ಪಿಸಿಕೊಳ್ಳಲು ನೋಡಿದೆ. ಏರಿಯ ಮೇಲೆ ಅಗಲವಿರಲಿಲ್ಲ. ನೀನು ಈರಕ್ಕನನ್ನು ಮುಂದೆ ಕಳಿಸಿ ನಿಂತೆ.

"ಯಾಕೆ ಆರಿಸಲಿಲ್ಲ ಕಾಟಯ್ಯ?" ಎಂದು ಕೇಳಿದವನು ನಾನು. ಕೇಳುವ ಧೈರ್ಯ ಎಲ್ಲಿಂದ ಬಂತೋ.

"ನಾನು ಆರಿಸಿದ್ರೆ ಅದು ಎಲ್ಲಿಗೋಗುತ್ತೆ ಅಂತ ನಿಮಗೇ ಗೊತ್ತಲ್ರಿ. ನಿಮ್ ಮನೇಲಿ ಮಗಳು ತುಂಬಿದ ಬಸುರಿ. ಆ ಕೂಸೇನ್ ಮಾಡಿತ್ತು?" ಆಮೇಲೆ, ಹೋಗುವಾಗ, "ಹೊತ್ತಾತು. ನಿಮ್ ನಡಿಗಿ ತಪ್ಪುತ್ತೆ, ಹೋಗ್ರಿ ಮಾಸ್ತರೆ."

ಅದರಲ್ಲಿ ವ್ಯಂಗ್ಯವಿತ್ತೇ ಎಂದು ಹತ್ತು ವರ್ಷ ಹುಡುಕಿದ್ದೇನೆ. ಇರಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಮೊಮ್ಮಗಳಿಗೆ ಒಂದು ದಿನ ಮೈ ಬೆಚ್ಚಗಾದರೂ ನಾನು ಏರಿಯ ಮೇಲೆ ನಿಂತಿರುತ್ತಿದ್ದೆ ಮನಸ್ಸಿನಲ್ಲಿ. ನಂಬದವನು ನಾನು. ಇನ್ನೊಂದನ್ನೂ ಬರೆಯಬೇಕು: ಗಾಳ ಹಾಕುವುದನ್ನು ನಾನು ಆಗ ನಿಲ್ಲಿಸಲಿಲ್ಲ. ಮತ್ತೆರಡು ವರ್ಷ, ಕೆರೆ ಬತ್ತುವವರೆಗೆ, ಅದೇ ಕಲ್ಲಿನ ಮೇಲೆ ಐದೂವರೆಗೆ ಕುಳಿತೆ. ನಿಲ್ಲಿಸಿದರೆ ಯಾರಾದರೂ ಯಾಕೆ ಎಂದು ಕೇಳಿಯಾರು ಎಂಬ ಭಯ. ಹಿಡಿದ ಮೀನನ್ನು ಕೊಡಲು ಮನೆಯಿರಲಿಲ್ಲ, ನೀರಿಗೇ ಬಿಡುತ್ತಿದ್ದೆ.

ಈ ಮಳೆಗಾಲ ಕೆರೆ ಮತ್ತೆ ತುಂಬಿತು. ಹೋದ ವಾರ ರುದ್ರಪ್ಪ ಬಂದು, "ಮಾಸ್ತರೆ, ಮತ್ತೆ ಮರಿ ಬಿಡಾಣ ಅಂತ. ಹೋದ್ಸಲ ಆ ಕಳ್ಳನಿಂದ ಹಾಳಾತು. ಈ ಸಲಾನೂ ನೀವೇ ನಿಂತು ಮಾಡಿಸ್ಬೇಕು," ಎಂದ. ಮರುದಿನ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ನೀವು ಹೋಗಿ ನೆಲೆಸಿದ್ದ ಐಮಂಗಲಕ್ಕೆ ಹೋದೆ. ಹೆದ್ದಾರಿಯಿಂದ ಒಳಗೆ, ಕುರಿಹಟ್ಟಿಯ ಪಕ್ಕದಲ್ಲಿ ನಿಮ್ಮ ಮನೆ. ನಿನ್ನನ್ನು ಕರೆದೆ. ಈರಕ್ಕ ಹೊರಗೆ ಬಂದಳು. ಹಣೆ ನೋಡಿದೆ, ತಿಳಿಯಿತು.

"ಕುಂತ್ಕಳ್ರಿ ಮಾಸ್ತರೆ," ಎಂದು ಗೋಣಿಚೀಲ ಹಾಸಿದಳು. ನೀರು ಕೊಟ್ಟಳು. ನಾನು ಹೇಳಬೇಕೆಂದು ಬಂದದ್ದನ್ನು ಕ್ರಮವಾಗಿ, ಮೊದಲಿನಿಂದ ಹೇಳತೊಡಗಿದೆ. ಅರ್ಧಕ್ಕೆ ತಡೆದಳು.

"ಎಲ್ಲಾ ಗೊತ್ತೈತೆ ಬಿಡ್ರಿ. ಊರು ಬಿಟ್ಟ ದಿನಾನೇ ಹೇಳಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ, ಹೇಳಲಿಲ್ಲ."

"ಇಲ್ಲಿ ಹೇಗಿದ್ದ?"

"ಹೆಂಗಿರ್ತಾನೆ. ತ್ವಾಟ, ಕಣ, ಎಲ್ಲಿಗೂ ಕಾವಲಿಗೆ ಕರೀಲಿಲ್ಲ ಯಾರೂ. ಮೀನುಗಳ್ಳ ಅನ್ನೋ ಮಾತು ನಮಗಿಂತ ಮೊದ್ಲೇ ಬಂದು ಕುಂತಿತ್ತು. ಕುರಿ ಕಾದ. ಅವೂ ನಮ್ಮವೇ ಐದಾರು. ಬ್ಯಾರೇರು ತಮ್ ಕುರಿ ಬಿಡಲಿಲ್ಲ." ಆಮೇಲೆ ಕೇಳಿದಳು, "ನಿಮ್ ಮನೆ ಕೂಸು ಹೆಂಗೈತೆ? ವರ್ಷಕ್ಕೊಂದ್ಸಲನಾದ್ರೂ ಅಂತಿದ್ದ, ಮಾಸ್ತರ ಮನೆ ಕೂಸು ಹೆಂಗೈತೋ ಅಂತ."

ಚೆನ್ನಾಗಿದ್ದಾಳೆ ಎಂದೆ. ಐದನೇ ತರಗತಿ ಎಂದೆ. ಇನ್ನೇನು ಹೇಳಲಿ?

ಊರಿನ ಮುಂದೆ ಎಲ್ಲ ಹೇಳುತ್ತೇನೆ ಈರಕ್ಕ ಎಂದಾಗ ಅವಳು ಕುರಿಗಳ ಕಡೆ ನೋಡುತ್ತ ಹೇಳಿದಳು, "ಹೇಳ್ರಿ. ಅವನಿದ್ದಾಗ ಹೇಳಿದ್ರೆ ಅವನು ಕೇಳ್ತಿದ್ದ. ಈಗ ಯಾರಿಗೆ ಹೇಳಿದಂಗಾತು?"

ಬೆಳಗಾಗಿದೆ. ಆರು ಗಂಟೆ. ಇಲ್ಲಿಗೆ ನಿಲ್ಲಿಸಿ ನಡಿಗೆಗೆ ಹೋಗುತ್ತೇನೆ. ಮಧ್ಯಾಹ್ನ ಮರಿಗಳ ಗಾಡಿ ಬರುತ್ತದೆ.

ಸಂಜೆ ಏಳು ಗಂಟೆ. ಇಂದು ನಡೆದದ್ದನ್ನು ಬರೆದು ಮುಗಿಸುತ್ತೇನೆ.

ಗಾಡಿ ಮೂರೂವರೆಗೆ ಬಂತು. ಹಾಜರಿದ್ದವರು ರುದ್ರಪ್ಪ, ಸಂಘದ ಹದಿನೈದು ಇಪ್ಪತ್ತು ಜನ, ಕೆಂಚಮ್ಮ. ಚೀಲಗಳನ್ನು ತೇಲಬಿಟ್ಟ ಮೇಲೆ ನಾನು ಕೈಗಡಿಯಾರ ಬಿಚ್ಚಿ ರುದ್ರಪ್ಪನ ಕೈಗೆ ಕೊಟ್ಟೆ. "ಅರ್ಧ ಗಂಟೆ ನೀನು ನೋಡು. ಅಲ್ಲಿಯವರೆಗೆ ನಾನು ಒಂದು ಮಾತು ಹೇಳಬೇಕು."

ಬೆಳಿಗ್ಗೆ ಬರೆದದ್ದನ್ನು ಒಂದೂ ಬಿಡದೆ ಹೇಳಿದೆ. ಕೊರವ, ನಾಲ್ಕು ನಿಮಿಷ, ಪುಟ್ಟಿ, ಹೊಂಗೆ ಮರ, ಕರ್ಪೂರ. ಧ್ವನಿ ನಡುಗಲಿಲ್ಲ. ನಡುಗಿದ್ದರೆ ನಂಬುತ್ತಿದ್ದರೋ ಏನೋ.

ಆಮೇಲೆ ರುದ್ರಪ್ಪ ನನ್ನ ಭುಜ ಹಿಡಿದ. "ಸತ್ತೋನ ಮೇಲೆ ಕೆಟ್ಟ ಮಾತು ಉಳೀಬಾರ್ದು ಅಂತ ನೀವು ನಿಮ್ಮ ಮೇಲೆ ಹಾಕ್ಕಂತಿದ್ದೀರಿ. ಗೊತ್ತಾಗುತ್ತೆ ಮಾಸ್ತರೆ. ದೊಡ್ಡ ಮನಸ್ಸು ನಿಮ್ದು."

"ಇಲ್ಲ ರುದ್ರಪ್ಪ. ನಿಜ ಹೇಳ್ತಿದ್ದೀನಿ."

"ನೀವು ನಾಲ್ಕು ನಿಮಿಷಕ್ಕೆ ಬಿಚ್ಚಿಸ್ತೀರಾ? ನಮ್ಮಪ್ಪ ಹೇಳಿದ್ರೂ ನಾನು ನಂಬಲ್ಲ."

"ಇಂಥೋರು ಈಗ ಎಲ್ಲವ್ರಪ್ಪ," ಎಂದ ಇನ್ನೊಬ್ಬ. ನನ್ನ ಎದುರೇ ಎಂದ. ಕರ್ಪೂರ ಹಚ್ಚಿಸಿ, ನಾನು ಆರಿಸುತ್ತೇನೆ ಎಂದೆ. "ಈ ವಯಸ್ಸಲ್ಲಿ ಕೈ ಸುಟ್ಕಂಬ್ಯಾಡ್ರಿ," ಎಂದು ನಕ್ಕರು. ಪ್ರೀತಿಯಿಂದಲೇ ನಕ್ಕರು.

ಹೊಂಗೆ ಮರದ ಬುಡ ಅಗೆಸಲೇ ಎಂದು ಆ ಕಡೆ ನೋಡಿದೆ. ಹನ್ನೊಂದು ವರ್ಷದ ಮಣ್ಣಿನಲ್ಲಿ ಬೆರಳುದ್ದದ ಮೀನಿನ ಮುಳ್ಳು ಉಳಿಯುವುದಿಲ್ಲ. ಸಾಕ್ಷಿ ಇದ್ದದ್ದು ನೀನೊಬ್ಬನೇ.

ಕೆಂಚಮ್ಮ ಮಾತ್ರ ನಗಲಿಲ್ಲ. ಅವಳಿಗೆ ಈಗ ಎಪ್ಪತ್ತು ದಾಟಿದೆ. ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು.

"ಹಂಗಾರೆ ಆವತ್ತು ಪುಟ್ಟೀಲಿದ್ದದ್ದು ಸತ್ತ ಮರಿನೇನಾ?"

"ಹೌದು ಕೆಂಚಮ್ಮ. ನಾನೇ ಹೂಳಲು ಹೇಳಿದ್ದೆ."

ಅವಳು ಅಲ್ಲೇ ಏರಿಯ ಮೇಲೆ ಕುಳಿತುಬಿಟ್ಟಳು. "ಊರೆಲ್ಲ ಹೇಳ್ಕಂಡು ತಿರುಗಿದ್ನಲ್ಲ. ಈಗ ನಾನೇನ್ ಮಾಡ್ಲಿ ಮಾಸ್ತರೆ?"

ಹೇಳಿದರೆ ಭಾರ ಇಳಿಯುತ್ತದೆ ಎಂದು ಕೇಳಿದ್ದೆ. ಇಳಿಯಲಿಲ್ಲ, ಅದರಲ್ಲಿ ಒಂದು ಪಾಲು ಈ ಮುದುಕಿಯ ತಲೆಯ ಮೇಲೂ ಕುಳಿತಿತು. ನಂಬಿದವಳು ಅವಳೊಬ್ಬಳು, ನಂಬಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಅದು.

ರುದ್ರಪ್ಪ ಅರ್ಧ ಗಂಟೆಯಾಯಿತು ಎಂದ. ಚೀಲಗಳನ್ನು ಒಂದೊಂದಾಗಿ ಬಿಚ್ಚಿದೆವು. ನೀರು ಬೆರೆಸಿದೆವು. ಮರಿಗಳು ಸ್ವಲ್ಪ ಹೊತ್ತು ಚೀಲದ ಬಾಯಲ್ಲೇ ನಿಂತು, ಆಮೇಲೆ ಒಂದು, ಎರಡು, ಇದ್ದಕ್ಕಿದ್ದಂತೆ ಎಲ್ಲವೂ ಓಡಿಹೋದವು. ಓಡುವ ಮರಿ ಹೇಗಿರುತ್ತದೆ ಎಂದು ನಾನು ಮೊದಲ ಸಲ ನೋಡಿದೆ. ಗಡಿಯಾರವನ್ನು ರುದ್ರಪ್ಪ ತಿರುಗಿ ಕೊಡಲು ಬಂದ. ನಾಳೆ ತೆಗೆದುಕೊಳ್ಳುತ್ತೇನೆ ಎಂದೆ. ತೆಗೆದುಕೊಳ್ಳುವುದಿಲ್ಲ.

ಮನೆಗೆ ಬಂದು, ನಡೆದದ್ದನ್ನು ಅರ್ಧ ಪುಟದಲ್ಲಿ ಬರೆದು ಸಹಿ ಮಾಡಿ ಮೂರು ಪ್ರತಿ ಮಾಡಿದೆ. ಒಂದು ಈರಕ್ಕನಿಗೆ ಅಂಚೆಗೆ ಸಿದ್ಧವಾಗಿದೆ. ಅವಳಿಗೆ ಓದಲು ಬಾರದು, ಆದರೂ ಅವಳ ಮನೆಯಲ್ಲಿರಲಿ. ಒಂದನ್ನು ರುದ್ರಪ್ಪನಿಗೆ ಕೊಟ್ಟೆ. ಅವನು ಓದದೆ ಮಡಚಿ ಜೇಬಿಗೆ ಹಾಕಿಕೊಂಡು, "ಊಟ ಮಾಡಿ ಮಲಗ್ರಿ ಮಾಸ್ತರೆ," ಎಂದ. ಮೂರನೆಯದನ್ನು ಮೈದಾ ಗೋಂದು ಹಚ್ಚಿ ಡೈರಿಯ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಹಾಲು ಹಾಕಲು ಬರುವ ಎಲ್ಲರ ಕಣ್ಣಿಗೂ ಅದು ಬೀಳುತ್ತದೆ. ನಂಬುವುದು, ಬಿಡುವುದು ನನ್ನ ಕೈಯಲ್ಲಿಲ್ಲ. ಹರಿದರೆ ಮತ್ತೆ ಅಂಟಿಸುವುದು ನನ್ನ ಕೈಯಲ್ಲಿದೆ.

ಗಾಳಿಗೆ ಕಾಗದದ ಮೂಲೆ ಏಳುತ್ತಿತ್ತು. ಗೋಂದು ಹಿಡಿಯುವವರೆಗೆ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಕಾಟಯ್ಯ. ನನ್ನ ಬಳಿ ಗಡಿಯಾರ ಇರಲಿಲ್ಲ.